ಬಿಳಿ ಮಚ್ಚೆಯ ಚರಿತ್ರೆ: ಕೈಗವಸಿನಿಂದ ಕುರಕುಂಭದವರೆಗೆ

ಪುಣೆಯಿಂದ ಸೋಲಾಪುರದ ಹೆದ್ದಾರಿ ಹಿಡಿದು ವಿಜಯಪುರಕ್ಕೋ ಕಲಬುರಗಿಗೋ ಹೋಗುವ ನಮ್ಮವರಲ್ಲಿ ಕುರಕುಂಭವನ್ನು ದಾಟದವರು ಇರಲಾರರು. ಪುಣೆಯಿಂದ ಸುಮಾರು 80 ಕಿ.ಮೀ. ದೂರ, ದೌಂಡ್ ಜಂಕ್ಷನ್ನಿನ ಮಗ್ಗುಲಲ್ಲೇ ಇರುವ ಊರು. ಹಳೆಯ ಜನಕ್ಕೆ ಅದು ಫಿರಂಗಾಯಿ ದೇವಿಯ ಕ್ಷೇತ್ರ; ಈಗಿನವರಿಗೆ ಮಹಾರಾಷ್ಟ್ರ ಔದ್ಯೋಗಿಕ ನಿಗಮದ ರಾಸಾಯನಿಕ ವಸಾಹತು. ಸಿಪ್ಲಾ, ಎಮ್‌ಕ್ಯೂರ್‌ನಂಥ ಔಷಧ ಕಂಪನಿಗಳ ಕಾರ್ಖಾನೆಗಳು ಅಲ್ಲಿವೆ. 2024ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಘಟಕದಲ್ಲಿ ಪೊಲೀಸರು ಮೆಫೆಡ್ರೋನ್ ಎಂಬ ಮಾದಕ ವಸ್ತುವನ್ನು ರಾಶಿ ರಾಶಿಯಾಗಿ ಹಿಡಿದಾಗ ಊರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಾವು ಇಲ್ಲಿ ಬರೆಯಹೊರಟದ್ದು ಆ ಪುಡಿಯ ವಿಷಯವಲ್ಲ. ನ್ಯಾಯವಾಗಿ, ಲೈಸೆನ್ಸು ಪಡೆದು, ಹಾಡಹಗಲಲ್ಲೇ ಅದೇ ಕುರಕುಂಭದಲ್ಲಿ ತಯಾರಾಗಿ ಹಡಗು ಹತ್ತುವ ಇನ್ನೊಂದು ಬಿಳಿಯ ಪದಾರ್ಥದ ವಿಷಯ. ಅದರ ನೆಪದಲ್ಲಿ ನಮ್ಮ ಮೈ ಮೇಲೆ ಏಳುವ ಬಿಳಿ ಮಚ್ಚೆಯ ವಿಷಯ.

ಆ ಪದಾರ್ಥದ ಹೆಸರು ಹೈಡ್ರೋಕ್ವಿನೋನಿನ ಮಾನೊಮೀಥೈಲ್ ಈಥರ್. ಬಾಯಿ ತುಂಬುವ ಹೆಸರಾದ್ದರಿಂದ ವ್ಯಾಪಾರಸ್ಥರು ಎಂ.ಇ.ಎಚ್.ಕ್ಯು. ಎನ್ನುತ್ತಾರೆ. ಬಣ್ಣ, ಅಂಟು, ಪ್ಲಾಸ್ಟಿಕ್ಕುಗಳಿಗೆ ಬೇಕಾಗುವ ಆಕ್ರಿಲಿಕ್ ದ್ರವಗಳು ಪೀಪಾಯಿಯಲ್ಲಿರುವಾಗಲೇ ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿಬಿಡದಂತೆ ಇದನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಪುಣೆಯ ಕ್ಲೀನ್ ಸೈನ್ಸ್ ಅಂಡ್ ಟೆಕ್ನಾಲಜಿ ಕಂಪನಿ ಇದನ್ನು ಕುರಕುಂಭದಲ್ಲಿ ತಯಾರಿಸುತ್ತದೆ. 2021ರಲ್ಲಿ ಷೇರು ಪೇಟೆಗೆ ಬರುವಾಗ ಆ ಕಂಪನಿ ಸಲ್ಲಿಸಿದ ದಾಖಲೆಯ ಪ್ರಕಾರ ಈ ಪದಾರ್ಥದಲ್ಲಿ ಅದರ ಉತ್ಪಾದನಾ ಸಾಮರ್ಥ್ಯ ಜಗತ್ತಿನಲ್ಲೇ ಮೊದಲನೆಯದು. ದೌಂಡ್ ತಾಲೂಕಿನ ಒಂದು ಊರಿಗೆ ಇದು ಸಣ್ಣ ಹೆಮ್ಮೆಯಲ್ಲ.

ಆದರೆ ಚರ್ಮವೈದ್ಯರ ಪುಸ್ತಕದಲ್ಲಿ ಇದೇ ಪದಾರ್ಥಕ್ಕೆ ಇನ್ನೊಂದು ಹೆಸರಿದೆ: ಮೆಕ್ವಿನಾಲ್. ಅಲ್ಲಿ ಅದು ಚರ್ಮದ ಬಣ್ಣ ತೆಗೆಯುವ ಔಷಧಿ. ಪೀಪಾಯಿಯ ದ್ರವವನ್ನು ಕಾಯುವ ವಸ್ತು ಮನುಷ್ಯನ ಬಣ್ಣವನ್ನು ಅಳಿಸುತ್ತದೆಂಬುದು ಹೇಗೆ ಗೊತ್ತಾಯಿತು? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೊನ್ನು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇಂದಿಗೂ ದನಿ ತಗ್ಗಿಸಿಯೇ ಆಡುತ್ತಾರೆ. ಮರಾಠಿ ನೆರೆಯವರು ‘ಕೋಡ’ ಎನ್ನುವಾಗಲೂ ಅಷ್ಟೆ. ಇದು ಹೊಸ ರೋಗವೂ ಅಲ್ಲ, ಹೊಸ ಭಯವೂ ಅಲ್ಲ. ಅಥರ್ವವೇದದ ಮೊದಲನೆಯ ಕಾಂಡದಲ್ಲೇ ‘ಕಿಲಾಸ’ವೆಂಬ ಬಿಳುಪನ್ನು ಕಪ್ಪು ಬಣ್ಣದ ಗಿಡಮೂಲಿಕೆಯಿಂದ ಹೋಗಲಾಡಿಸುವ ಸೂಕ್ತಗಳಿವೆ. ಮನುಸ್ಮೃತಿಯ ಮೂರನೆಯ ಅಧ್ಯಾಯ ಹೆಣ್ಣು ತರಬಾರದ ಮನೆತನಗಳನ್ನು ಎಣಿಸುವಾಗ ಶ್ವಿತ್ರವಿದ್ದ ಮನೆಯನ್ನೂ ಕುಷ್ಠವಿದ್ದ ಮನೆಯನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ವಾಚಕರು ಇದನ್ನು ಗಮನಿಸಬೇಕು. ಎರಡೂ ಬೇರೆ ರೋಗಗಳೆಂದು ಬರೆದವರಿಗೆ ತಿಳಿದಿತ್ತು. ತಿಳಿದೂ ಎರಡನ್ನೂ ಬಾಗಿಲಾಚೆ ನಿಲ್ಲಿಸಿದರು. ಚರಕ ಸಂಹಿತೆ ಕಾರಣ ಹೇಳುವಾಗ ಸುಳ್ಳು, ಕೃತಘ್ನತೆ, ಗುರುನಿಂದೆಗಳನ್ನೂ ವಿರುದ್ಧ ಆಹಾರವನ್ನೂ ಒಂದೇ ಸಾಲಿನಲ್ಲಿ ತರುತ್ತದೆ. ಮೀನು ತಿಂದ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆಂಬ ನಮ್ಮ ಅಜ್ಜಿಯರ ಮಾತಿನ ಬೇರು ಎಲ್ಲಿದೆಯೆಂದು ಇದರಿಂದ ಊಹಿಸಬಹುದು. ಪಶ್ಚಿಮದವರೂ ಇದರಲ್ಲಿ ನಮಗಿಂತ ಬುದ್ಧಿವಂತರಾಗಿರಲಿಲ್ಲ. ಬೈಬಲಿನ ಯಾಜಕಕಾಂಡದಲ್ಲಿ ಎಲ್ಲ ಬಗೆಯ ಬಿಳಿ ಕಲೆಗಳೂ ಒಂದೇ ಹೆಸರಿನಡಿ ಸೇರಿ, ಅನುವಾದದಲ್ಲಿ ಕುಷ್ಠವಾಗಿ, ಶತಮಾನಗಳವರೆಗೆ ನಿರಪರಾಧಿಗಳು ಊರಾಚೆ ಕೂರಬೇಕಾಯಿತು.

ನಾರ್ವೆಯ ಹಾನ್ಸೆನ್ 1873ರಲ್ಲಿ ಕುಷ್ಠದ ಕ್ರಿಮಿಯನ್ನು ಕಂಡುಹಿಡಿದ ಮೇಲಾದರೂ ತೊನ್ನಿಗೆ ಬಿಡುಗಡೆಯಾಗಬೇಕಿತ್ತು. ತೊನ್ನಿನಲ್ಲಿ ಕ್ರಿಮಿಯಿಲ್ಲ, ಸ್ಪರ್ಶಜ್ಞಾನ ಹೋಗುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ಆದರೂ ‘ಬಿಳಿ ಕುಷ್ಠ’ ಎಂಬ ಹೆಸರು ಉಳಿದೇ ಉಳಿಯಿತು. ನಮ್ಮ ದೇಶದಲ್ಲಿ ಚರ್ಮರೋಗ, ಗುಪ್ತರೋಗ, ಕುಷ್ಠರೋಗ ಮೂರನ್ನೂ ಒಂದೇ ಶಾಖೆಯವರು ನೋಡುತ್ತಾರೆ. 1973ರಲ್ಲಿ ಒಂದಾದ ಅಖಿಲ ಭಾರತ ಚರ್ಮವೈದ್ಯರ ಸಂಘದ ಹೆಸರಿನಲ್ಲೇ ಈ ಮೂರೂ ಇವೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಮದುವೆಗೆ ಬೆಳೆದ ಮಗಳ ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳುಪು ಕಂಡ ತಾಯಿ, ಮೂರೂ ಹೆಸರು ಬರೆದ ಬೋರ್ಡಿನ ಕೆಳಗೆ ನಿಲ್ಲಲು ಅಂಜಿ, ಪರಿಚಯದವರು ಯಾರೂ ನೋಡಬಾರದೆಂದು ಎರಡು ಸ್ಟಾಪು ಮುಂದಿನ ದವಾಖಾನೆಗೆ ಹೋಗುವುದನ್ನು ನಾವು ಬಲ್ಲೆವು.

ಸಾವಿರಾರು ವರ್ಷ ಈ ರೋಗಿಗೆ ಜಗತ್ತು ಕೇಳಿದ್ದು ಒಂದೇ ಪ್ರಶ್ನೆ: ನೀನು ಏನು ಪಾಪ ಮಾಡಿದೆ? ಅದನ್ನು ಬಿಟ್ಟು, ನಿನ್ನ ಚರ್ಮಕ್ಕೆ ಏನು ತಾಗಿತು ಎಂದು ಕೇಳಿದ ಒಂದು ಘಟನೆ 1939ರಲ್ಲಿ ನಡೆಯಿತು. ನಮ್ಮ ಮಟ್ಟಿಗೆ ತೊನ್ನಿನ ಚರಿತ್ರೆಯ ತಿರುವು ಅದೇ.

ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರ ಕೈಗಳ ಮೇಲೆ ಬಿಳುಪು ಕಾಣಿಸಿಕೊಳ್ಳತೊಡಗಿತು. ಒಬ್ಬರಿಗಲ್ಲ, ಇಬ್ಬರಿಗಲ್ಲ, ಹತ್ತಾರು ಜನರಿಗೆ. ಆಲಿವರ್, ಶ್ವಾರ್ಟ್ಸ್, ವಾರನ್ ಎಂಬ ಮೂವರು ಹೋಗಿ ಪರೀಕ್ಷಿಸಿದರು. ಲೂಯಿ ಶ್ವಾರ್ಟ್ಸ್ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಲ್ಲಿದ್ದ ಚರ್ಮವೈದ್ಯರು. ನಮ್ಮಂತೆ ಸರಕಾರದ ಸಂಬಳದವರು ಎಂದು ಹೇಳಿಕೊಳ್ಳಲು ನಮಗೆ ಸಂತೋಷ. ಹದಮಾಡುವ ಔಷಧಿಗಳ ಮೇಲೆ ಸಂಶಯ ಬರುವುದು ಸಹಜ. ಆದರೆ ಬಿಳುಪು ಕೈಯಿಂದ ಮುಂಗೈಯವರೆಗೆ ಏರಿ, ರಬ್ಬರಿನ ಕೈಗವಸು ಎಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತ್ತು. ರಕ್ಷಣೆಗೆಂದು ಕೊಟ್ಟ ಕೈಗವಸೇ ಕಳ್ಳ! ರಬ್ಬರು ಬೇಗ ಬಿರಿಯಬಾರದೆಂದು ಅದರಲ್ಲಿ ಬೆರೆಸಿದ್ದ ಹೈಡ್ರೋಕ್ವಿನೋನಿನ ಮಾನೊಬೆಂಜೈಲ್ ಈಥರ್ ಬೆವರಿನಲ್ಲಿ ಕರಗಿ ಚರ್ಮಕ್ಕೆ ಇಳಿಯುತ್ತಿತ್ತು. ಆ ಕೈಗವಸು ಬಿಟ್ಟ ಮೇಲೆ ಹಲವರಿಗೆ ನಿಧಾನವಾಗಿ ಬಣ್ಣ ಮರಳಿತು. ಪಾಪದಿಂದ ಬಂದದ್ದಾಗಿದ್ದರೆ ಕೈಗವಸು ಬದಲಿಸಿದರೆ ಹೋಗುತ್ತಿತ್ತೆ?

ನಾವು ಓದಿದ್ದು ಬಿ.ಎಸ್ಸಿ., ಅದೂ ಬಹಳ ವರ್ಷಗಳ ಹಿಂದೆ. ಈಗ ಕೂತಿರುವುದು ಕೇಂದ್ರ ಸರಕಾರದ ಕಡತಗಳ ನಡುವೆ. ಆದರೂ ಇದರ ರಸಾಯನಶಾಸ್ತ್ರ ಅಷ್ಟೇನೂ ಕಠಿಣವಲ್ಲ. ನಮ್ಮ ಚರ್ಮದ ಬಣ್ಣವನ್ನು ತಯಾರಿಸುವುದು ಮೆಲನೊಸೈಟ್ ಎಂಬ ಜೀವಕೋಶಗಳು. ಅವು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ತೆಗೆದುಕೊಂಡು, ಟೈರೋಸಿನೇಸ್ ಎಂಬ ಕಿಣ್ವದ ಸಹಾಯದಿಂದ ಮೆಲನಿನ್ ಎಂಬ ಕಂದು-ಕಪ್ಪು ವರ್ಣದ್ರವ್ಯವನ್ನು ಮಾಡುತ್ತವೆ. ಕಾಲೇಜಿನಲ್ಲಿ ಬರೆದ ಆರು ಮೂಲೆಯ ಬೆಂಜೀನ್ ಉಂಗುರ ನೆನಪಿದೆಯಷ್ಟೆ? ಟೈರೋಸಿನ್ನಿನಲ್ಲಿ ಆ ಉಂಗುರದ ಒಂದು ತುದಿಗೆ ಹೈಡ್ರಾಕ್ಸಿಲ್ ಗುಂಪು, ಸರಿಯಾಗಿ ಎದುರು ತುದಿಗೆ ಒಂದು ಬಾಲ. ಕೈಗವಸಿನ ಪದಾರ್ಥದಲ್ಲೂ ಹಾಗೆಯೇ, ಬಾಲ ಮಾತ್ರ ಬೇರೆ. ಕಿಣ್ವ ಮೋಸಹೋಗಿ ಇದನ್ನೇ ಟೈರೋಸಿನ್ ಎಂದು ಒಳಕ್ಕೆ ಎಳೆದುಕೊಂಡು ಕೆಲಸ ಶುರುಮಾಡುತ್ತದೆ. ಹುಟ್ಟುವುದು ಬಣ್ಣವಲ್ಲ, ಕ್ವಿನೋನ್ ಎಂಬ ಚುರುಕು ವಿಷ. ಅದು ಕೋಶಕ್ಕೆ ಪೆಟ್ಟು ಕೊಡುತ್ತದೆ. ಜೊತೆಗೆ ಶರೀರದ ರಕ್ಷಣಾ ವ್ಯವಸ್ಥೆ ಪರಕೀಯವೇನೋ ಬಂತೆಂದು ತಿಳಿದು ತನ್ನದೇ ಬಣ್ಣದ ಕೋಶಗಳ ಮೇಲೆ ಏರಿಹೋಗುತ್ತದೆ. ಹೀಗಾಗಿ ಕೆಲವರಲ್ಲಿ ತಾಗಿದ ಜಾಗ ಬಿಟ್ಟು ಮೈಯ ಬೇರೆ ಕಡೆಯೂ ಬಿಳುಪು ಏಳುವುದುಂಟು. ಎಲ್ಲರಿಗೂ ಹೀಗಾಗುವುದಿಲ್ಲ. ಒಂದೇ ಸಾಮಾನು ಬಳಸಿದ ಹತ್ತು ಜನರಲ್ಲಿ ಒಬ್ಬರಿಗೆ ಆಗಬಹುದು, ಒಂಬತ್ತು ಜನರಿಗೆ ಏನೂ ಆಗದೆ ಇರಬಹುದು. ಅದರಿಂದಲೇ ಕಾರಣ ಹಿಡಿಯುವುದು ಕಷ್ಟ. ಮನೆಯವರಿಗೆಲ್ಲ ಆಗದ್ದು ಇವಳಿಗೇ ಏಕೆ ಆಯಿತು ಎಂದು ಮತ್ತೆ ಜಾತಕ ಬಿಚ್ಚುವವರೂ ಅದಕ್ಕೇ ಇದ್ದಾರೆ.

1939ರ ಶೋಧದ ಮುಂದಿನ ಕಥೆ ವಿಚಿತ್ರವಾಗಿದೆ. ಬಣ್ಣ ತೆಗೆಯುತ್ತದೆ ಎಂದು ಗೊತ್ತಾದ ಕೂಡಲೇ ಅದೇ ಪದಾರ್ಥವನ್ನು ಮುಲಾಮು ಮಾಡಿ, ಮುಖದ ಮೇಲಿನ ಕಪ್ಪು ಕಲೆಗೆ ಹಚ್ಚತೊಡಗಿದರು. ಕಪ್ಪು ಹೋಗುವುದೇನೋ ಹೋಯಿತು, ಆದರೆ ಕೆಲವರ ಮುಖದ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆಗಳೆದ್ದವು, ಮತ್ತೆ ಹೋಗಲಿಲ್ಲ. ಕೊನೆಗೆ ಅದರ ಉಪಯೋಗ ಒಂದಕ್ಕೇ ಉಳಿಯಿತು: ಮೈಯೆಲ್ಲ ತೊನ್ನಾಗಿ ಅಲ್ಲೊಂದು ಇಲ್ಲೊಂದು ಕಪ್ಪು ಉಳಿದವರಿಗೆ, ಉಳಿದ ಬಣ್ಣವನ್ನೂ ತೆಗೆದು ಒಂದೇ ಸಮ ಮಾಡಲು. ನಮ್ಮ ಕುರಕುಂಭದ ಪದಾರ್ಥ ಇದರ ದಾಯಾದಿ. ಬಾಲದ ಜಾಗದಲ್ಲಿ ಬೆಂಜೈಲ್ ಬದಲು ಮೀಥೈಲ್, ಅಷ್ಟೇ ವ್ಯತ್ಯಾಸ. ಅದನ್ನು ಕಾರ್ಖಾನೆಯಲ್ಲಿ ಮುಟ್ಟಿದ ಇಬ್ಬರು ಕೆಲಸಗಾರರಿಗೆ ಬಿಳುಪು ಬಂದದ್ದನ್ನು 1972ರಲ್ಲೇ ಬ್ರಿಟನ್ನಿನ ಔದ್ಯೋಗಿಕ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. 1981ರಲ್ಲಿ ಅದೇ ಪತ್ರಿಕೆಯಲ್ಲಿ, ಇಂಥ ಕೆಲಸಗಾರರನ್ನು ಸಾಲಾಗಿ ತಪಾಸಣೆ ಮಾಡಿದ ವರದಿ ಬಂತು. ಅಂದರೆ ವಿಷಯ ತಿಳಿದು ಅರ್ಧ ಶತಮಾನವೇ ಆಗಿದೆ.

ಇದನ್ನು ಹೇಳುವಾಗ ಅಲ್ಲಿನ ಯಾವುದೇ ಕಾರ್ಖಾನೆಯ ಮೇಲೆ ದೂರು ಹೊರಿಸುವುದು ನಮ್ಮ ಉದ್ದೇಶವಲ್ಲವೆಂದು ಸ್ಪಷ್ಟಪಡಿಸಬೇಕು. ಮುಚ್ಚಿದ ಪಾತ್ರೆ, ಸರಿಯಾದ ಕೈಗವಸು, ಕೆಲಸ ಮುಗಿದ ಮೇಲೆ ಸ್ನಾನ, ಡ್ಯೂಟಿಯ ಬಟ್ಟೆ ಅಲ್ಲೇ ಬಿಟ್ಟು ಬರುವುದು, ವರ್ಷಕ್ಕೊಮ್ಮೆ ಚರ್ಮ ತಪಾಸಣೆ ಇವಿದ್ದರೆ ಇಂಥ ಪದಾರ್ಥದ ಜೊತೆ ನಿರ್ಭಯವಾಗಿ ಬಾಳಬಹುದು. ಹಾಗೆ ನೋಡಿದರೆ ಅದೇ ಕಂಪನಿ ತಯಾರಿಸುವ ಇನ್ನೊಂದು ಪದಾರ್ಥ 4-ಮೆಥಾಕ್ಸಿ ಅಸಿಟೋಫಿನೋನ್. ಬಿಸಿಲಿನಿಂದ ಚರ್ಮವನ್ನು ಕಾಪಾಡುವ ಸನ್‌ಸ್ಕ್ರೀನ್ ಮುಲಾಮಿನ ಮೂಲದ್ರವ್ಯಗಳನ್ನು ತಯಾರಿಸಲು ಅದು ಬೇಕು. ತೊನ್ನಿದ್ದವರಿಗೆ ಬಿಳುಪಾದ ಜಾಗ ಬಿಸಿಲಿಗೆ ಬೇಗ ಸುಡುವುದರಿಂದ ಈ ಮುಲಾಮನ್ನು ವೈದ್ಯರು ತಪ್ಪದೆ ಬರೆದುಕೊಡುತ್ತಾರೆ. ಒಂದೇ ಕಾರ್ಖಾನೆಯಿಂದ ಬಣ್ಣ ಕಳೆಯುವುದೂ ಹೊರಡುತ್ತದೆ, ಬಣ್ಣ ಕಳೆದವನಿಗೆ ಕೊಡೆ ಹಿಡಿಯುವುದೂ ಹೊರಡುತ್ತದೆ.

ಕಾರ್ಖಾನೆಗೆ ಹೋಗದ ನಮಗೇನು ಎಂದು ಕೇಳುವವರುಂಟು. ಇನ್ನು ಮುಂದಿನದು ಅವರಿಗೆ.

ಬೆರಳಿಗೆ ಕುಂಕುಮ ತೆಗೆದುಕೊಂಡು ಹಣೆಗಿಡುವ ಕಾಲ ಹೋಗಿ, ಹಿಂಬದಿಗೆ ಅಂಟು ಸವರಿದ ಟಿಕ್ಲಿ ಬಂದದ್ದು ನಮ್ಮ ಕಣ್ಣೆದುರಿಗೇ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅದು ಅನುಕೂಲವೂ ಹೌದು. ಸ್ವಲ್ಪ ಕಾಲದ ಮೇಲೆ ಸರಿಯಾಗಿ ಹಣೆಯ ನಡುವೆ, ಟಿಕ್ಲಿಯಷ್ಟೇ ಗುಂಡಾದ ಬಿಳುಪು ಹೊತ್ತು ಹೆಂಗಸರು ಆಸ್ಪತ್ರೆಗೆ ಬರತೊಡಗಿದರು. ಅಲಹಾಬಾದಿನ ಚರ್ಮವೈದ್ಯ ಎ. ಕೆ. ಬಜಾಜ್ ಮತ್ತು ಸಂಗಡಿಗರು ಆ ಅಂಟನ್ನು ಪರೀಕ್ಷಿಸಿ, ಅದರಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಇದೆಯೆಂದೂ ಬಣ್ಣ ಕದ್ದದ್ದು ಅದೇ ಎಂದೂ 1990ರಲ್ಲಿ ಪ್ರಕಟಿಸಿದರು. ಮತ್ತೆ ಅದೇ ಉಂಗುರ, ಅದೇ ಹೈಡ್ರಾಕ್ಸಿಲ್, ಎದುರು ತುದಿಗೆ ಇನ್ನೊಂದು ಬಾಲ. ಸೌಭಾಗ್ಯದ ಗುರುತೆಂದು ಇಟ್ಟುಕೊಂಡದ್ದು ಸಂಸಾರಕ್ಕೇ ಸಂಚಕಾರ ತಂದ ಮನೆಗಳು ಎಷ್ಟೋ. ಅತ್ತೆಯರು ಸೊಸೆಯ ತವರಿನವರನ್ನು ‘ರೋಗ ಮುಚ್ಚಿಟ್ಟು ಕೊಟ್ಟರು’ ಎಂದು ಬೈದರೇ ಹೊರತು, ಟಿಕ್ಲಿಯ ಚೀಟಿ ತಿರುಗಿಸಿ ನೋಡಿದವರು ಕಡಿಮೆ.

ಕೋಲ್ಕತ್ತೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. ರಾಸಾಯನಿಕದಿಂದ ಬಿಳುಪು ಬಂದ 864 ಜನರನ್ನು ಅವರು ವಿಚಾರಿಸಿದರು. ಮೊದಲ ಸ್ಥಾನ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ್ದು, ನೂರಕ್ಕೆ 27. ಅನಂತರ ಸೆಂಟು, ಡಿಯೋಡರೆಂಟುಗಳು, ಬಟ್ಟೆ-ಪಾತ್ರೆ ತೊಳೆಯುವ ಪುಡಿಗಳು, ಅಂಟು ಟಿಕ್ಲಿ, ರಬ್ಬರಿನ ಚಪ್ಪಲಿ. ಹವಾಯಿ ಚಪ್ಪಲಿಯ ಪಟ್ಟಿ ಎಲ್ಲಿ ತಾಗುತ್ತದೋ ಅಲ್ಲಿಯೇ ಪಾದದ ಮೇಲೆ ಬಿಳಿಯ ಗೆರೆ ಮೂಡುತ್ತದೆ. ನಲವತ್ತು ದಾಟಿದ ಕೂಡಲೇ ತಲೆಗೆ ಕಪ್ಪು ಹಚ್ಚಿಕೊಂಡು ಆಫೀಸಿಗೆ ಬರುವ ನಮ್ಮ ಸಹೋದ್ಯೋಗಿಗಳು ಈ ಪಟ್ಟಿಯನ್ನು ಎರಡು ಸಲ ಓದಲಿ. ಆ ಬಣ್ಣಗಳಲ್ಲಿರುವ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬುದು ಕೆಲವರಿಗೆ ತುರಿ-ಬಾವು ತರುತ್ತದೆ, ಕೆಲವರಿಗೆ ಕೂದಲಂಚಿನಲ್ಲಿ ಬಿಳುಪು ತರುತ್ತದೆ. ಕೂದಲು ಕಪ್ಪು ಮಾಡಲು ಹೋಗಿ ಹಣೆ ಬೆಳ್ಳಗಾದರೆ ಯಾರಿಗೆ ಹೇಳುವುದು?

ಕಾರಣ ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಜಪಾನಿನ ಉದಾಹರಣೆಯಿದೆ. ಅಲ್ಲಿನ ಕಾನೆಬೋ ಎಂಬ ದೊಡ್ಡ ಕಂಪನಿ ಮೈ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ರೋಡೋಡೆಂಡ್ರಾಲ್ ಎಂಬ ಪದಾರ್ಥ ಸೇರಿಸಿತ್ತು. ಅದಕ್ಕೆ ಸರಕಾರದ ಒಪ್ಪಿಗೆಯೂ ಇತ್ತು. 2011ರಲ್ಲೇ ದೂರು ಬಂದಿದ್ದರೂ ಅದು ಗಿರಾಕಿಯ ಸ್ವಂತ ಕಾಯಿಲೆಯೆಂದು ಬದಿಗಿಟ್ಟರು. 2013ರಲ್ಲಿ ಚರ್ಮವೈದ್ಯರೊಬ್ಬರು ತಮ್ಮ ರೋಗಿಗಳ ಬಿಳುಪಿಗೂ ಈ ಕ್ರೀಮಿಗೂ ಸಂಬಂಧ ತೋರಿಸಿದ ಮೇಲೆ, ಜುಲೈ ತಿಂಗಳಲ್ಲಿ ಮಾಲನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ಕರೆಸಬೇಕಾಯಿತು. ಅಷ್ಟರಲ್ಲಿ ತೊಂದರೆಗೀಡಾದವರ ಸಂಖ್ಯೆ 19,000 ದಾಟಿತು. ಅದೂ ಅದೇ ಉಂಗುರದ ಸಂತತಿ.

ಬೆಳ್ಳಗಾಗುವ ಹಂಬಲ, ಬಿಳುಪಿನ ಭಯ ಎರಡೂ ಒಂದೇ ಮನೆಯಲ್ಲಿ ವಾಸಿಸುವ ವಿಚಿತ್ರ ನಮ್ಮಲ್ಲಿಯೂ ಇದೆ. 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಅದರ ಹೆಸರಿನ ‘ಫೇರ್’ ಹೋಗಿ ‘ಗ್ಲೋ’ ಬಂತು. ಅದರಲ್ಲಿ ಮುಖ್ಯವಾಗಿದ್ದದ್ದು ನಯಾಸಿನಮೈಡ್ ಎಂಬ ಜೀವಸತ್ವದ ರೂಪ, ಕೈಗವಸಿನ ಪದಾರ್ಥವಲ್ಲ. ಅದನ್ನು ಇದರ ಜೊತೆ ಸೇರಿಸಿ ಬೈಯುವುದು ಸರಿಯಲ್ಲ. ಅಪಾಯವಿರುವುದು ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಸಿಗುತ್ತಿದ್ದ ಸ್ಟೆರಾಯ್ಡ್ ಮುಲಾಮುಗಳಲ್ಲಿ. ಮುಖದ ಚರ್ಮ ತೆಳ್ಳಗಾಗಿ, ಕೆಂಪಾಗಿ, ಕೂದಲೆದ್ದು ಬಂದ ರೋಗಿಗಳನ್ನು ಕಂಡು ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಬೆನ್ನು ಹತ್ತಿದ್ದರಿಂದ, 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಅಂಥ 14 ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಹೊರಡಿಸಿತು. ಪಾದರಸ ಬೆರೆತ ಹೆಸರಿಲ್ಲದ ಕ್ರೀಮುಗಳಂತೂ ಇನ್ನೂ ಕೆಟ್ಟವು. 2023ರಲ್ಲಿ ಕೇರಳದ ಕೋಟ್ಟಕ್ಕಲ್ಲಿನ ವೈದ್ಯರು ಅವುಗಳಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳನ್ನು ಹೊರಗೆಡವಿದರು. ಇಷ್ಟಾದರೂ ಪರಊರಿನ ನಮ್ಮ ಸಂಘಗಳ ವಧೂ-ವರ ಪಟ್ಟಿಗಳಲ್ಲಿ ವಿದ್ಯೆ, ಸಂಬಳಗಳ ಪಕ್ಕದಲ್ಲಿ ‘ಬಣ್ಣ’ ಎಂಬ ಕಲಮು ಮಾಯವಾಗಿಲ್ಲ. ನಮಗನ್ನಿಸುವಂತೆ ಆ ಕಲಮನ್ನು ತೆಗೆದುಹಾಕಲು ಸರಕಾರದ ಆಜ್ಞೆ ಬೇಕಿಲ್ಲ.

ಸುಧಾ ಮೂರ್ತಿಯವರ ‘ಮಹಾಶ್ವೇತೆ’ ಕಾದಂಬರಿಯನ್ನು ಓದಿದವರು ನಮ್ಮಲ್ಲಿ ಬಹಳ. ನಾಯಕಿ ಅನುಪಮಾಳ ಕಾಲ ಮೇಲೆ ಕೆಂಡ ಬಿದ್ದ ಜಾಗದಲ್ಲಿ ಬಿಳುಪು ಮೊದಲು ಕಾಣಿಸಿಕೊಳ್ಳುತ್ತದೆ. ಲೇಖಕಿ ಅದನ್ನು ಕಥೆಗೆಂದು ಕಟ್ಟಿದರೂ ವೈದ್ಯಶಾಸ್ತ್ರ ಒಪ್ಪುವ ಮಾತದು. ಗಾಯವಾದಲ್ಲಿ, ಸುಟ್ಟಲ್ಲಿ, ಸೀರೆಯ ಲಂಗದ ಲಾಡಿ ಉಜ್ಜುವಲ್ಲಿ ತೊನ್ನು ಏಳುವುದುಂಟು. 19ನೆಯ ಶತಮಾನದ ಜರ್ಮನ್ ವೈದ್ಯ ಕೋಬ್ನರ್ ಹೆಸರಿನಿಂದ ಅದನ್ನು ಕರೆಯುತ್ತಾರೆ. ಪುಣೆಯಲ್ಲಂತೂ ಈ ವಿಷಯಕ್ಕೆ ಬೇರೆಯೇ ಚರಿತ್ರೆಯಿದೆ. ತಮಗೇ ತೊನ್ನು ಬಂದ ವೈದ್ಯೆ ಮಾಯಾ ತುಳಪುಳೆಯವರು ಕಟ್ಟಿದ ‘ಶ್ವೇತಾ’ ಸಂಘ ಇಲ್ಲಿಯದು. ಸುಮಿತ್ರಾ ಭಾವೆ ಮತ್ತು ಸುನೀಲ ಸುಖಠಣಕರ ಇದೇ ವಸ್ತುವಿನ ಮೇಲೆ 2006ರಲ್ಲಿ ‘ನಿತಳ’ ಎಂಬ ಮರಾಠಿ ಚಿತ್ರ ಮಾಡಿದರು. ಮುಖ ಮುಚ್ಚಿಕೊಂಡು ಬದುಕಬೇಕಾಗಿಲ್ಲವೆಂದು ಮೊದಲು ಬಾಯಿಬಿಟ್ಟು ಹೇಳಿದವರು ರೋಗಿಗಳೇ.

ಚಿಕಿತ್ಸೆಯ ಮಾತು ಚಿಕ್ಕದಾಗಿ ಹೇಳುತ್ತೇವೆ. ನಮ್ಮ ಹಿಂದಿನವರು ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರುತ್ತಿದ್ದರು. ಈಜಿಪ್ಟಿನವರಲ್ಲಿ ಇನ್ನೊಂದು ಗಿಡದಿಂದ ಇದೇ ಪದ್ಧತಿಯಿತ್ತು. ಎರಡರಲ್ಲೂ ಇರುವುದು ಸೊರಾಲೆನ್ ಜಾತಿಯ ಪದಾರ್ಥಗಳು. ಈಜಿಪ್ಟಿನ ವೈದ್ಯ ಎಲ್ ಮೋಫ್ತಿ 1940ರ ದಶಕದಲ್ಲಿ ಅದನ್ನು ಶುದ್ಧ ರೂಪದಲ್ಲಿ ಕೊಟ್ಟು ಫಲ ಕಂಡರು. ಅಜ್ಜಿಯ ಮದ್ದಿನಲ್ಲಿ ಸತ್ಯವಿತ್ತು, ಅಳತೆ ಇರಲಿಲ್ಲ. ಬಿಸಿಲು ಹೆಚ್ಚಾದರೆ ಬೊಬ್ಬೆಯೆದ್ದು, ಮೇಲೆ ಹೇಳಿದಂತೆ ಸುಟ್ಟ ಜಾಗವೇ ಮತ್ತೆ ಬಿಳುಪಾಗುತ್ತದೆ. ಮನೆಯಲ್ಲಿ ಅದನ್ನು ಮಾಡಬಾರದು. 1997ರಿಂದೀಚೆಗೆ ಔಷಧಿಯಿಲ್ಲದೆ, ಆಯ್ದ 311 ನ್ಯಾನೊಮೀಟರಿನ ಕಿರಣವನ್ನಷ್ಟೇ ಬಿಡುವ ದೀಪಗಳು ಬಳಕೆಗೆ ಬಂದಿವೆ. 2022ರಲ್ಲಿ ಅಮೆರಿಕ ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ಮುಖದ ಬಿಳುಪು ಬೇಗ ಮಣಿಯುತ್ತದೆ, ಬೆರಳ ತುದಿಯದು ಹಟಮಾರಿ. ರಾಸಾಯನಿಕದಿಂದ ಬಂದದ್ದಾದರೆ ಆ ಸಾಮಾನನ್ನು ಬೇಗ ಬಿಟ್ಟಷ್ಟೂ ಬಣ್ಣ ಮರಳುವ ಆಸೆ ಹೆಚ್ಚು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೊಸ ಬಿಳುಪು ಕಂಡರೆ, ಚರ್ಮವೈದ್ಯರಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿರಿ. ಹಚ್ಚುವ ಟಿಕ್ಲಿಯ ಚೀಟಿ, ಕೂದಲ ಬಣ್ಣದ ಡಬ್ಬಿ, ಕಾಲಿನ ಚಪ್ಪಲಿ, ಬಟ್ಟೆ ತೊಳೆಯುವ ಪುಡಿಯ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕುರಕುಂಭದಲ್ಲೋ ಇನ್ನಾವುದೋ ಔದ್ಯೋಗಿಕ ವಸಾಹತಿನಲ್ಲೋ ಕಾಂಟ್ರಾಕ್ಟಿನ ಮೇಲೆ ಚೀಲ ಹೊರುವ ನಮ್ಮ ಕಡೆಯ ಹುಡುಗರಾದರೆ ‘ಕಂಪನಿಯಲ್ಲಿ ಕೆಲಸ’ ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಚೀಲದ ಮೇಲೆ ಪದಾರ್ಥದ ಹೆಸರು ಓದಲು ಬಾರದಿದ್ದರೂ ಒಂದು ಅಂಕಿ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಹೋದರೆ ಸಾಕು. ನಾವು ಇಲ್ಲಿ ಹೇಳಿದ ಎಂ.ಇ.ಎಚ್.ಕ್ಯು.ವಿನ ಅಂಕಿ 150-76-5.